ಮುಷ್ಟಿಯಿಂದ ಮುಗಿಲಿನವರೆಗೆ: ಹೊಲದ ಹಸಿ ಅಳೆದ ಇತಿಹಾಸ



ನಮ್ಮ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಶೇರು ಬಂಡವಾಳ, ಠೇವಣಿ, ಬೆಳೆಸಾಲ, ಬೀಜ-ಗೊಬ್ಬರ ವಿತರಣೆ ಇವುಗಳ ಲೆಕ್ಕವನ್ನು ತಾವು ಬೇರೆ ಪುಟಗಳಲ್ಲಿ ಓದುತ್ತೀರಿ. ನಾವು ಇಲ್ಲಿ ಬರೆಯಹೊರಟದ್ದು ಆ ಎಲ್ಲ ಲೆಕ್ಕಗಳಿಗೂ ತಳಪಾಯವಾದ, ಆದರೆ ಸಂಘದ ಯಾವ ಕಿರ್ದಿ ಪುಸ್ತಕದಲ್ಲಿಯೂ ಜಮಾ ಆಗದ ಒಂದು ವಸ್ತುವಿನ ಬಗ್ಗೆ. ಅದೇ ಹೊಲದೊಳಗಿನ ಹಸಿ. ಹಸಿ ಇದ್ದರೆ ಬಿತ್ತಿಗೆ, ಬಿತ್ತಿಗೆಯಾದರೆ ಬೆಳೆ, ಬೆಳೆ ಬಂದರೆ ಸಾಲದ ಕಂತು. ಹಸಿ ಇಲ್ಲದ ವರ್ಷ ಸೆಕ್ರೆಟರಿಯವರು ವಸೂಲಿಗೆ ಬಂದರೂ ಚಹಾ ಕುಡಿದು ಹೋಗಬೇಕಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಈ ಹಸಿಯನ್ನು ಈಗ ನೂರಾರು ಕಿಲೋಮೀಟರು ಮೇಲಿನಿಂದ ಉಪಗ್ರಹಗಳು ಅಳೆಯುತ್ತಿವೆ. ಬರ ಬಂದಿದೆಯೋ ಇಲ್ಲವೋ, ವಿಮೆ ಸಿಗುತ್ತದೆಯೋ ಇಲ್ಲವೋ ಎಂಬ ತೀರ್ಮಾನಗಳಲ್ಲಿ ಉಪಗ್ರಹದ ಮಾತಿಗೆ ವರ್ಷದಿಂದ ವರ್ಷಕ್ಕೆ ಬೆಲೆ ಏರುತ್ತಿದೆ. ಆದುದರಿಂದ ಈ ವಿದ್ಯೆ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ನಮ್ಮ ಹೊಲವನ್ನು ಎಷ್ಟು ಸರಿಯಾಗಿ ನೋಡುತ್ತದೆ ಎಂಬುದನ್ನು ಸದಸ್ಯರು ತಿಳಿದಿರುವುದು ಒಳ್ಳೆಯದೆಂದು ಭಾವಿಸಿ ಈ ಚಿಕ್ಕ ಇತಿಹಾಸವನ್ನು ತಮ್ಮ ಮುಂದಿಡುತ್ತಿದ್ದೇವೆ.

ಮುಷ್ಟಿಯ ಕಾಲ

ನಮ್ಮ ಹಿರಿಯರು ಹಸಿ ಅಳೆಯಲು ಉಪಯೋಗಿಸಿದ ಸಾಧನ ಒಂದೇ, ಅಂಗೈ. ಮಿರಗದ ಮಳೆ ಬಿದ್ದ ಮೇಲೆ ಹೊಲಕ್ಕೆ ಹೋಗಿ, ಮೇಲಿನ ಒಣಮಣ್ಣನ್ನು ಕಾಲಿನಿಂದ ಸರಿಸಿ, ನಾಲ್ಕು ಬೆರಳು ಕೆಳಗಿನ ಮಣ್ಣನ್ನು ಹಿಡಿದು ಮುಷ್ಟಿ ಕಟ್ಟುತ್ತಿದ್ದರು. ಉಂಡಿಯಾಗಿ ನಿಂತು, ಹೆಬ್ಬೆರಳಿನಿಂದ ಒತ್ತಿದಾಗ ಒಡೆದರೆ ಅದು ಬಿತ್ತಿಗೆಯ ಹದ. ಅಂಗೈಗೆ ಮೆತ್ತಿಕೊಂಡರೆ, "ಇನ್ನೊಂದೆರಡು ದಿನ ತಡೀರಿ, ಕೂರಿಗಿ ನಡಿಯೂದಿಲ್ಲ" ಎನ್ನುತ್ತಿದ್ದರು. ಉಂಡಿ ಕಟ್ಟದೆ ಉದುರಿದರೆ, "ಇನ್ನೊಂದು ಮಳಿ ಆಗ್ಲಿ" ಎಂದು ಮನೆಗೆ ಮರಳುತ್ತಿದ್ದರು. ಇಂದಿಗೂ ನಮ್ಮಲ್ಲಿ ಬಹಳ ಮಂದಿ ಮಾಡುವುದು ಇದನ್ನೇ.

ಆ ಮುಷ್ಟಿಗೆ ಮಣ್ಣಿನ ಜಾತಿಯೂ ತಿಳಿದಿತ್ತು. ಮಸಾರಿ ಹೊಲ ಬೇಗ ಹದಕ್ಕೆ ಬರುತ್ತದೆ, ಬೇಗ ಒಣಗುತ್ತದೆ. ಯರಿ ಹೊಲ ತಡವಾಗಿ ಹದಕ್ಕೆ ಬರುತ್ತದೆ, ಆದರೆ ಕುಡಿದ ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಳ್ಳುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಬೆಳವಲದವರು ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ ಬೆಳೆಯುವುದು ಈ ಒಡಲ ಹಸಿಯ ಮೇಲೆಯೇ. ಚಳಿಗಾಲದಲ್ಲಿ ಹನಿ ಮಳೆ ಬೀಳದಿದ್ದರೂ ಕಡಲೆ ಕಾಯಿ ಕಟ್ಟುತ್ತದೆ. "ಮ್ಯಾಲ ಒಣಗೇತಂತ ಅಂಜಬ್ಯಾಡ್ರಿ, ಕೆಳಗ ಹಸಿ ಐತಿ" ಎಂಬುದು ಅವರ ಧೈರ್ಯದ ಮಾತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಉಪಗ್ರಹದ ವಿಷಯ ಬಂದಾಗ ಇದೇ ಮಾತು ತಿರುಗಿ ಬರುತ್ತದೆ.

ಮುಷ್ಟಿಗೆ ಒಂದೇ ಕೊರತೆ. ಅದರ ಸಾಕ್ಷಿ ಹೊಲದ ಬದುವನ್ನು ದಾಟುತ್ತಿರಲಿಲ್ಲ. ರೈತನಿಗೆ ತನ್ನ ಹೊಲ ಒಣಗಿದ್ದು ಗೊತ್ತಿತ್ತು, ಸಾಹುಕಾರನಿಗೂ ಸರಕಾರಕ್ಕೂ ಅದನ್ನು ತೋರಿಸಿಕೊಡುವ ದಾರಿ ಇರಲಿಲ್ಲ. 1876-78ರ ಭೀಕರ ಬರಗಾಲ ಧಾರವಾಡ, ವಿಜಾಪುರ ಭಾಗಗಳನ್ನು ಹಾಳುಗೆಡವಿತು. ಸಾಲದ ಸುಳಿಗೆ ಸಿಕ್ಕ ರೈತರನ್ನು ಎತ್ತಲು 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದಿತು. ಮರುವರ್ಷ, 1905ರ ಮೇ 8ರಂದು, ಆಗ ನಮ್ಮದೇ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಒಬ್ಬನ ಮಾತು ನಡೆಯದ ಕಡೆ ಹತ್ತು ಜನರ ಮಾತು ನಡೆಯುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಮನೆ ಅದು. ನಮ್ಮ ಸಂಘವೂ ಅದೇ ಬಳ್ಳಿಯ ಕುಡಿ.

ಮಳೆಮಾಪಕದ ಕಾಲ

ಸರಕಾರ ಮೊದಲು ಅಳೆಯಲು ಕಲಿತದ್ದು ಹಸಿಯನ್ನಲ್ಲ, ಮಳೆಯನ್ನು. ಬಹುಕಾಲ ತಾಲೂಕು ಕೇಂದ್ರದ ಮಳೆಮಾಪಕವೇ ಇಡೀ ತಾಲೂಕಿನ ಸಾಕ್ಷಿಯಾಗಿತ್ತು. ಆದರೆ ನಮ್ಮ ಕಡೆಯ ಮಳೆಯ ಸ್ವಭಾವ ಎಲ್ಲರಿಗೂ ಗೊತ್ತು. ಎತ್ತಿನ ಒಂದು ಕೊಂಬು ತೊಯ್ದರೆ ಇನ್ನೊಂದು ಕೊಂಬು ಒಣಗಿರುತ್ತದೆ. ಕಲಘಟಗಿ ತಾಲೂಕಿನ ಪಡುವಣ ಸೆರಗು ಮಲೆನಾಡಿನ ಅಡವಿಗೆ ಹತ್ತಿಕೊಂಡಿದೆ, ಮೂಡಣ ಸೆರಗು ಬಯಲಿಗೆ ಇಳಿದಿದೆ. ಎರಡಕ್ಕೂ ಒಂದೇ ಮಳೆಯ ಲೆಕ್ಕ ಹಿಡಿದರೆ ಯಾರಿಗೋ ಒಬ್ಬರಿಗೆ ಅನ್ಯಾಯವಾಗುವುದು ಖಂಡಿತ.

1988ರಲ್ಲಿ ಕರ್ನಾಟಕ ಸರಕಾರ ಬೆಂಗಳೂರಿನಲ್ಲಿ ಬರ ಉಸ್ತುವಾರಿ ಕೋಶವನ್ನು ತೆರೆಯಿತು. ಅದೇ ಬೆಳೆದು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಈ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟಕ್ಕೆ ಇಳಿದು, ತಾವಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ನೆಡಿಸಿತು. ಅವುಗಳ ಸಂಖ್ಯೆ 6 ಸಾವಿರ ದಾಟಿದೆ. ಇದು ಸಣ್ಣ ಸಾಧನೆಯಲ್ಲ. ಆದರೂ ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಯಿತು, ಎಷ್ಟು ಆವಿಯಾಯಿತು, ಎಷ್ಟು ಬೇರಿಗೆ ದಕ್ಕಿತು ಎಂಬುದನ್ನು ಮಳೆಮಾಪಕ ಹೇಳಲಾರದು. ಒಂದೇ ಸಂಜೆ ಹೊಡೆದುಹೋದ 50 ಮಿಲಿಮೀಟರು ಬೇರೆ, ಐದು ದಿನ ಸೋನೆಯಾಗಿ ಇಳಿದ 50 ಮಿಲಿಮೀಟರು ಬೇರೆ. ಮಾಪಕದ ಪುಸ್ತಕದಲ್ಲಿ ಎರಡೂ ಒಂದೇ.

ಮೋಡ ದಾಟುವ ಅಲೆ

ಹಸಿಯನ್ನೇ ನೇರವಾಗಿ ನೋಡಬಲ್ಲ ಕಣ್ಣು ಸಿಕ್ಕದ್ದು ರಾಡಾರಿನ ವಿದ್ಯೆಯಿಂದ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಕಂಡುಹಿಡಿಯಲು ಬೆಳೆದ ರಾಡಾರು ಬಳಸುವುದು ಮೈಕ್ರೋವೇವ್ ಎಂಬ ಅಲೆಗಳನ್ನು. ಇವೂ ಬೆಳಕಿನ ಕುಲದವೇ, ಆದರೆ ಉದ್ದ ಹೆಚ್ಚು. ನಾವು ಕಣ್ಣಿನಿಂದ ಕಾಣುವ ಬೆಳಕಿನ ಅಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕದು, ಹೊಲ ನೋಡುವ ಮೈಕ್ರೋವೇವ್ ಅಲೆ 3 ಸೆಂಟಿಮೀಟರಿನಿಂದ ಸುಮಾರು 24 ಸೆಂಟಿಮೀಟರಿನವರೆಗೆ ಇರುತ್ತದೆ. ಮೋಡದ ನೀರಹನಿ ಕೂದಲೆಳೆಗಿಂತ ಸಣ್ಣದು. ಗೇಣುದ್ದದ ಅಲೆಗೆ ಆ ಹನಿ ಅಡ್ಡಿಯಾಗುವುದೇ ಇಲ್ಲ. ಆನೆ ನಡೆದಾಗ ಹಾದಿಯ ಹರಳು ತಡೆಯುವುದುಂಟೇ, ಹಾಗೆ. ಆದ್ದರಿಂದ ಮೈಕ್ರೋವೇವಿಗೆ ಮೋಡವೂ ಒಂದೇ, ಬಯಲೂ ಒಂದೇ. ಸೂರ್ಯನ ಬೆಳಕು ಬೇಕಾಗಿಲ್ಲದ್ದರಿಂದ ಹಗಲೂ ಒಂದೇ, ರಾತ್ರಿಯೂ ಒಂದೇ.

ಎರಡನೆಯ ಗುಣ ಇನ್ನೂ ದೊಡ್ಡದು. ವಿದ್ಯುತ್ತಿನ ಸೆಳೆತಕ್ಕೆ ಓಗೊಡುವ ಗುಣವೊಂದು ಪ್ರತಿ ಪದಾರ್ಥಕ್ಕೂ ಇದೆ. ಒಣಮಣ್ಣಿನಲ್ಲಿ ಅದರ ಅಳತೆ 3 ಅಥವಾ 4. ನೀರಿನಲ್ಲಿ ಸುಮಾರು 80. ಇಷ್ಟು ಅಂತರವಿರುವುದರಿಂದ ಮಣ್ಣಿಗೆ ತುಸು ನೀರು ಸೇರಿದರೂ ಮೈಕ್ರೋವೇವಿಗೆ ಅದು ಬೇರೆಯೇ ಮಣ್ಣಾಗಿ ಕಾಣುತ್ತದೆ. ಮುಷ್ಟಿಯಲ್ಲಿ ಉಂಡಿಯಾಗುವ ಮಣ್ಣಿಗೂ ಉದುರುವ ಮಣ್ಣಿಗೂ ಇರುವ ಭೇದವನ್ನು ನಮ್ಮ ಅಂಗೈ ಹೇಗೆ ಗುರುತಿಸುತ್ತದೆಯೋ ಹಾಗೆ ಈ ಅಲೆಯೂ ಗುರುತಿಸುತ್ತದೆ.

ನೋಡುವ ರೀತಿ ಎರಡು. ಒಂದು, ಸುಮ್ಮನೆ ಕೇಳುವುದು. ಭೂಮಿ ತನ್ನಷ್ಟಕ್ಕೆ ತಾನೇ ಸ್ವಲ್ಪ ಮೈಕ್ರೋವೇವನ್ನು ಹೊರಸೂಸುತ್ತಿರುತ್ತದೆ. ಒಣಭೂಮಿ ಹೆಚ್ಚು, ಹಸಿಭೂಮಿ ಕಡಿಮೆ. ಇದನ್ನು ಕೇಳುವ ಯಂತ್ರಕ್ಕೆ ರೇಡಿಯೋಮೀಟರ್ ಎನ್ನುತ್ತಾರೆ. ಇನ್ನೊಂದು, ಕೂಗಿ ಕೇಳುವುದು. ಉಪಗ್ರಹವೇ ಅಲೆಯನ್ನು ಕಳಿಸಿ ಮಾರ್ದನಿಗೆ ಕಿವಿಗೊಡುತ್ತದೆ. ಹಸಿಮಣ್ಣಿನಿಂದ ಮಾರ್ದನಿ ಜೋರಾಗಿ, ಒಣಮಣ್ಣಿನಿಂದ ಕ್ಷೀಣವಾಗಿ ಬರುತ್ತದೆ. ಇದೇ ರಾಡಾರು. ಮೊದಲನೆಯದಕ್ಕೆ ಹಸಿ ಚೆನ್ನಾಗಿ ತಿಳಿಯುತ್ತದೆ, ಆದರೆ ಜಾಗ ಮಸುಕು. ಎರಡನೆಯದಕ್ಕೆ ಒಂದೊಂದು ಹೊಲವೂ ಬಿಡಿಯಾಗಿ ಕಾಣುತ್ತದೆ, ಆದರೆ ಉಬ್ಬುತಗ್ಗು, ಬೆಳೆ, ಹಸಿ ಮೂರೂ ಮಾರ್ದನಿಯಲ್ಲಿ ಕಲಸಿಕೊಳ್ಳುತ್ತವೆ.

ಅಮೆರಿಕದವರು 1978ರ ಜೂನಿನಲ್ಲಿ ಸೀಸ್ಯಾಟ್ ಎಂಬ ಉಪಗ್ರಹದಲ್ಲಿ ಚಿತ್ರ ತೆಗೆಯುವ ರಾಡಾರನ್ನು ಹಾರಿಸಿದರು. ಅದು ಸಮುದ್ರ ನೋಡಲೆಂದು ಹೋದದ್ದು. ವಿದ್ಯುತ್ ದೋಷದಿಂದ ಮೂರೂವರೆ ತಿಂಗಳಿಗೇ ಕಣ್ಣು ಮುಚ್ಚಿತು. ಆದರೆ ಆ ಅಲ್ಪಾಯುಷ್ಯದಲ್ಲಿಯೇ ಆಕಾಶದಿಂದ ರಾಡಾರಿನಲ್ಲಿ ನೆಲವನ್ನೂ ಓದಬಹುದೆಂದು ಜಗತ್ತಿಗೆ ತೋರಿಸಿಕೊಟ್ಟಿತು.

ಪೀಣ್ಯದ ಷೆಡ್ಡಿನಿಂದ

ಇದೇ ಕಾಲಕ್ಕೆ ನಮ್ಮ ಬೆಂಗಳೂರಿನಲ್ಲಿ ನಡೆದ ಕೆಲಸ ಕನ್ನಡಿಗರಾದ ನಾವು ಹೆಮ್ಮೆಪಡುವಂಥದು. ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಡಾ. ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಹಾರಿತು. ಹಳೆಯ ಎರಡು ರೂಪಾಯಿ ನೋಟಿನ ಬೆನ್ನಿನ ಮೇಲೆ ಅದರ ಚಿತ್ರ ಕಂಡವರು ನಮ್ಮಲ್ಲಿ ಬಹಳ ಜನರಿದ್ದಾರೆ.

ನಮ್ಮ ಕಥೆಗೆ ಮುಖ್ಯವಾದದ್ದು ಅದರ ತಮ್ಮ, ಭಾಸ್ಕರ. 1979ರ ಜೂನ್ 7ರಂದು ಹಾರಿದ ಭಾಸ್ಕರದಲ್ಲಿ ಎರಡು ಬಗೆಯ ಕಣ್ಣುಗಳಿದ್ದವು. ಒಂದು ಟಿ.ವಿ. ಕ್ಯಾಮೆರಾ, ಇನ್ನೊಂದು ಸಮೀರ್ ಎಂಬ ಮೈಕ್ರೋವೇವ್ ರೇಡಿಯೋಮೀಟರ್. ಕ್ಯಾಮೆರಾ ಆರಂಭದಲ್ಲಿ ಕೈಕೊಟ್ಟಿತು, 1980ರ ಮೇ ತಿಂಗಳವರೆಗೂ ಚಿತ್ರ ಬರಲಿಲ್ಲ. ಅಷ್ಟರಲ್ಲಿ ಸಮೀರ್ ತನ್ನ ಕೆಲಸ ನಡೆಸಿತ್ತು. ಅದು ನೋಡುತ್ತಿದ್ದುದು ಹೆಚ್ಚಾಗಿ ಸಮುದ್ರದ ಮೇಲಿನ ಆವಿ ಮತ್ತು ಮಳೆಯನ್ನು, ಹೊಲದ ಹಸಿಯನ್ನಲ್ಲ. ಆದರೂ ಭಾರತ ಆಕಾಶದಲ್ಲಿ ತೆರೆದ ಮೊದಲ ಮೈಕ್ರೋವೇವ್ ಕಣ್ಣು ಅದೇ. 1981ರ ನವೆಂಬರಿನಲ್ಲಿ ಎರಡನೆಯ ಭಾಸ್ಕರವೂ ಹೋಯಿತು.

1988ರ ಮಾರ್ಚ್ 17ರಂದು ಐ.ಆರ್.ಎಸ್.-1ಎ ಹಾರಿದ ಮೇಲೆ ಭಾರತದ ಬೆಳೆ, ಅಡವಿ, ಕೆರೆಗಳ ಚಿತ್ರ ನಮ್ಮದೇ ಉಪಗ್ರಹದಿಂದ ದೊರೆಯತೊಡಗಿತು. ಆದರೆ ಅದು ಬೆಳಕಿನ ಕಣ್ಣು. ಹಿಂಗಾರಿಯ ತಿಳಿ ಆಕಾಶದಲ್ಲಿ ಚೆನ್ನಾಗಿ ಕಂಡ ಆ ಕಣ್ಣಿಗೆ ಮುಂಗಾರಿಯಲ್ಲಿ ಮೋಡವೇ ಕಾಣುತ್ತಿತ್ತು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ನಮ್ಮ ಕಲಘಟಗಿ ಸೀಮೆಯ ಮೇಲಿನ ಮುಗಿಲು ವಾರಗಟ್ಟಲೆ ಬಿಚ್ಚಿಕೊಳ್ಳುವುದಿಲ್ಲ. ಭತ್ತ, ಗೋವಿನಜೋಳ, ಸೋಯಾ ಇರುವುದೆಲ್ಲ ಆಗಲೇ. ಅಂದರೆ ನಮ್ಮ ಹೊಲ ನೋಡಬೇಕಾದ ಹೊತ್ತಿಗೆ ಸರಿಯಾಗಿ ಪರದೆ ಬೀಳುತ್ತಿತ್ತು. ಮೈಕ್ರೋವೇವ್ ನಮ್ಮಂಥ ಸೀಮೆಗೆ ಅನಿವಾರ್ಯವಾದದ್ದು ಈ ಕಾರಣದಿಂದ.

ಒಂದು ಚುಕ್ಕೆಯಲ್ಲಿ ಎರಡು ಸೀಮೆ

ಈ ವಿದ್ಯೆ ನಿಜವಾಗಿ ಹೊಲಕ್ಕೆ ಇಳಿದದ್ದು ಕಳೆದ 25 ವರ್ಷಗಳಲ್ಲಿ. ಅಂದರೆ ಅದಕ್ಕೂ ನಮ್ಮ ಸಂಘಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. 1999ರ ಮೇ 26ರಂದು ನಮ್ಮದೇ ಪಿ.ಎಸ್.ಎಲ್.ವಿ. ರಾಕೆಟ್ಟಿನಲ್ಲಿ ಹಾರಿದ ಓಷನ್‌ಸ್ಯಾಟ್-1 ಸಮುದ್ರಕ್ಕೆಂದು ಹೋದದ್ದು, ಆದರೆ ಅದರ ರೇಡಿಯೋಮೀಟರಿನ ಲೆಕ್ಕದಿಂದ ವಿಜ್ಞಾನಿಗಳು ನೆಲದ ಹಸಿಯನ್ನೂ ತೆಗೆದು ನೋಡಿದರು. 2009ರ ನವೆಂಬರಿನಲ್ಲಿ ಯುರೋಪಿನವರು ಸ್ಮಾಸ್ ಎಂಬ ಉಪಗ್ರಹವನ್ನು, 2015ರ ಜನವರಿಯಲ್ಲಿ ಅಮೆರಿಕದವರು ಸ್ಮ್ಯಾಪ್ ಎಂಬುದನ್ನು ಹಸಿ ಅಳೆಯುವುದಕ್ಕೆಂದೇ ಹಾರಿಸಿದರು. ಇದರ ನಡುವೆ, 2010ರಲ್ಲಿ, ಜಗತ್ತಿನ ಹವಾಮಾನ ಬದಲಾಗುತ್ತಿರುವುದನ್ನು ತಿಳಿಯಲು ಅಳೆಯಲೇಬೇಕಾದ ಸಂಗತಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಮಣ್ಣಿನ ಹಸಿಯೂ ಸೇರಿತು. ಯುರೋಪಿನ ವಿಜ್ಞಾನಿಗಳು 1978ರಿಂದೀಚೆಗಿನ ಹಲವು ಉಪಗ್ರಹಗಳ ಲೆಕ್ಕವನ್ನು ಒಂದಕ್ಕೊಂದು ಜೋಡಿಸಿ ಇಡೀ ಭೂಮಿಯ ಹಸಿಯ ದಾಖಲೆ ಕಟ್ಟಿದ್ದಾರೆ. ಒಂದು ವರ್ಷದ ಶಿಲ್ಕನ್ನು ಮರುವರ್ಷದ ಪುಸ್ತಕಕ್ಕೆ ಎತ್ತಿಕೊಳ್ಳುವ ನಮ್ಮ ಲೆಕ್ಕದ ಪದ್ಧತಿಯಂತೆಯೇ ಇದು.

ಆದರೆ ಒಂದು ತೊಡಕು ಉಳಿಯಿತು. ಸ್ಮಾಸ್, ಸ್ಮ್ಯಾಪ್‌ಗಳ ರೇಡಿಯೋಮೀಟರಿಗೆ ಭೂಮಿ ಕಾಣುವುದು ಸುಮಾರು 40 ಕಿಲೋಮೀಟರು ಅಗಲದ ಚುಕ್ಕೆಗಳಾಗಿ. ಹುಬ್ಬಳ್ಳಿಯ ಆಚೆಯ ಯರಿ ಬಯಲು, ನಮ್ಮ ತಾಲೂಕಿನ ಭತ್ತದ ಗದ್ದೆ, ಅಡವಿಯ ಅಂಚು ಎಲ್ಲವೂ ಅಂಥ ಒಂದೇ ಚುಕ್ಕೆಯಲ್ಲಿ ಸರಾಸರಿಯಾಗಿಬಿಡಬಹುದು. ಹಳೆಯ ತಾಲೂಕಿನ ಮಳೆಮಾಪಕದ ಕಥೆಯೇ ಆಕಾಶದಲ್ಲಿ ಮತ್ತೆ ನಡೆದಂತಾಯಿತು. ಇದನ್ನು ಸರಿಪಡಿಸಲೆಂದು ಸ್ಮ್ಯಾಪ್‌ನಲ್ಲಿ ಒಂದು ರಾಡಾರನ್ನೂ ಕೂಡಿಸಿದ್ದರು. ಅದು 2015ರ ಜುಲೈನಲ್ಲಿಯೇ ಕೆಟ್ಟುಹೋಯಿತು.

ಚಿಕ್ಕ ಹೊಲದವರಾದ ನಮಗೆ ಬೇಕಾದದ್ದು ಚಿತ್ರ ತೆಗೆಯುವ ರಾಡಾರು. 2012ರ ಏಪ್ರಿಲ್ 26ರಂದು ಇಸ್ರೋ ಸಂಸ್ಥೆ 1858 ಕಿಲೋ ತೂಕದ ರಿಸ್ಯಾಟ್-1 ಉಪಗ್ರಹವನ್ನು ಶ್ರೀಹರಿಕೋಟಾದಿಂದ ಹಾರಿಸಿತು. ಇದು ಭಾರತದಲ್ಲಿಯೇ ತಯಾರಾದ ರಾಡಾರನ್ನು ಹೊತ್ತ ಮೊದಲ ಉಪಗ್ರಹ. ಅದರ ಕಾಲ ಮುಗಿದ ಮೇಲೆ, 2022ರ ಫೆಬ್ರುವರಿ 14ರಂದು ಇ.ಒ.ಎಸ್.-04 ಅದರ ಸ್ಥಾನಕ್ಕೆ ಹೋಯಿತು. ಮೋಡದ ಕೆಳಗಿನ ಮುಂಗಾರು ಭತ್ತವನ್ನು ಲೆಕ್ಕಹಾಕುವುದು ಈ ರಾಡಾರುಗಳ ದೊಡ್ಡ ಕೆಲಸಗಳಲ್ಲೊಂದು.

ಬೇರಂಬಾಡಿಯ ಹೊಲಗಳು

ಮೇಲಿನಿಂದ ನೋಡಿದ್ದು ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕದ್ದು ಪ್ರಯೋಗಶಾಲೆಯಲ್ಲಲ್ಲ, ನಮ್ಮ ರಾಜ್ಯದ ರೈತರ ಹೊಲದಲ್ಲಿ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲೂಕಿನಲ್ಲಿ ಬೇರಂಬಾಡಿ ಎಂಬ ಊರಿದೆ. ಅಲ್ಲಿನ ಹಳ್ಳದ ಜಲಾನಯನ ಪ್ರದೇಶ ಸುಮಾರು 84 ಚದರ ಕಿಲೋಮೀಟರು. ಅರಿಷಿಣ, ಸೂರ್ಯಕಾಂತಿ, ಚೆಂಡುಹೂ, ಜೋಳ, ಬೆಳ್ಳುಳ್ಳಿ ಬೆಳೆಯುವ ತುಂಡು ಹೊಲಗಳ ಸೀಮೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಶೇಖರ್ ಮುದ್ದು ಮತ್ತು ಅವರ ಸಂಗಡಿಗರು ಫ್ರಾನ್ಸಿನ ವಿಜ್ಞಾನಿಗಳ ಜೊತೆಗೂಡಿ ಅಲ್ಲಿ ವರ್ಷಗಟ್ಟಲೆ ಹಸಿ ಅಳೆಯುವ ಕೆಲಸ ಮಾಡಿದ್ದಾರೆ.

ಕೆಲಸದ ರೀತಿ ಕೇಳಿದರೆ ನಮ್ಮ ಹಿರಿಯರಿಗೂ ಸಂತೋಷವಾಗುತ್ತಿತ್ತು. ಉಪಗ್ರಹ ಆ ಊರಿನ ಮೇಲೆ ಹಾಯುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು, ಅದೇ ದಿನ ಹತ್ತಾರು ರೈತರ ಹೊಲಗಳಿಗೆ ಹೋಗುವುದು. ಮುಳ್ಳುಗಳಿರುವ ಒಂದು ಚಿಕ್ಕ ಯಂತ್ರವನ್ನು ಮಣ್ಣಿಗೆ ಚುಚ್ಚಿ ಮೇಲಿನ ಐದಾರು ಸೆಂಟಿಮೀಟರಿನ ಹಸಿ ಓದುವುದು. ಯಂತ್ರದ ಮೇಲೂ ಪೂರ್ತಿ ಭರವಸೆಯಿಡದೆ ಮಣ್ಣನ್ನು ಡಬ್ಬಿಯಲ್ಲಿ ತುಂಬಿ ತೂಗಿ, 105 ಡಿಗ್ರಿ ಶಾಖದ ಒಲೆಯಲ್ಲಿ ಒಣಗಿಸಿ, ಮತ್ತೆ ತೂಗುವುದು. ಕಡಿಮೆಯಾದ ತೂಕವೇ ನೀರಿನ ತೂಕ. ಆಮೇಲೆ ಉಪಗ್ರಹದ ಮಾರ್ದನಿಯನ್ನು ಈ ಲೆಕ್ಕದೊಡನೆ ತಾಳೆ ನೋಡಿ, ಎಷ್ಟು ಮಾರ್ದನಿಗೆ ಎಷ್ಟು ಹಸಿ ಎಂದು ಸೂತ್ರ ಕಟ್ಟುವುದು. ಕೆನಡಾದ ರಾಡಾರ್‌ಸ್ಯಾಟ್-2, ನಮ್ಮ ರಿಸ್ಯಾಟ್-1 ಇವುಗಳ ಚಿತ್ರಗಳನ್ನು ಹೀಗೆ ಬೇರಂಬಾಡಿಯ ಮಣ್ಣಿಗೆ ಒರೆಹಚ್ಚಿ ನೋಡಿದರು.

ಇದರ ಅರ್ಥ ಸ್ಪಷ್ಟವಾಗಿದೆ. ಕೋಟಿಗಟ್ಟಲೆ ಬೆಲೆಯ ಉಪಗ್ರಹವೂ ಕೊನೆಗೆ ರೈತನ ಹೊಲದ ಬೊಗಸೆ ಮಣ್ಣಿನ ಮುಂದೆ ಬಂದು ಪ್ರಮಾಣ ಮಾಡಬೇಕು. ಮಣ್ಣಿನ ಸಾಕ್ಷಿ ಇಲ್ಲದಿದ್ದರೆ ಮುಗಿಲಿನ ಸಾಕ್ಷಿ ಬರೀ ಅಂದಾಜು.

ನಮ್ಮ ಹೊಲದ ತಕರಾರು

ಬೇರಂಬಾಡಿಯ ಸೂತ್ರ ನಮ್ಮ ದೇವಿಕೊಪ್ಪದ ಹೊಲಕ್ಕೆ ಹಾಗೆಯೇ ಒಪ್ಪುತ್ತದೆಯೇ? ಇಲ್ಲಿ ಮೂರು ಮಾತು ಹೇಳಬೇಕಾಗುತ್ತದೆ.

ಮೊದಲನೆಯದು ಕೂರಿಗೆ ಭತ್ತ. ಸಸಿ ನಾಟಿ ಮಾಡುವ ಕಡೆ ಗದ್ದೆಯಲ್ಲಿ ನೀರು ನಿಂತಿರುತ್ತದೆ. ನಿಂತ ನೀರು ಕನ್ನಡಿಯಂತೆ, ರಾಡಾರಿನ ಅಲೆಯನ್ನು ಆಚೆಗೆ ಜಾರಿಸಿಬಿಡುತ್ತದೆ. ಚಿತ್ರದಲ್ಲಿ ಗದ್ದೆ ಕಪ್ಪಾಗಿ ಕಂಡು, ಪೈರು ಎದ್ದಂತೆ ಬೆಳ್ಳಗಾಗುತ್ತದೆ. ಈ ಬಣ್ಣದಾಟವೇ ಭತ್ತದ ಗುರುತು. ನಾವೋ ಒಣಹದದಲ್ಲಿ ಕೂರಿಗೆಯಿಂದ ಬಿತ್ತುವವರು. ಬಿತ್ತುವಾಗ ಗದ್ದೆಯಲ್ಲಿ ನೀರಿಲ್ಲ, ಕನ್ನಡಿಯಿಲ್ಲ. ನಾಟಿಗದ್ದೆಯ ಗುರುತನ್ನೇ ಹುಡುಕುವ ಲೆಕ್ಕಕ್ಕೆ ನಮ್ಮ ಭತ್ತ ಬೇರೆ ಬೆಳೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಬಿತ್ತಿದ ದಿನ ಯಾವುದು, ನೀರು ನಿಂತ ದಿನ ಯಾವುದು ಎಂದು ಇಲ್ಲಿನವರೇ ಹೇಳಬೇಕು.

ಎರಡನೆಯದು ನೇಗಿಲು. ಹೊಸದಾಗಿ ಹರಗಿದ ಹೊಲದ ಹೆಂಟೆಗಳಿಂದ ಮಾರ್ದನಿ ಜೋರಾಗಿ ಬರುತ್ತದೆ. ಹಸಿಮಣ್ಣಿನಿಂದಲೂ ಜೋರಾಗಿಯೇ ಬರುತ್ತದೆ. ಒಣಹೊಲವನ್ನು ನಿನ್ನೆ ಹರಗಿದ್ದರೆ ಉಪಗ್ರಹ ಅದನ್ನು ಹಸಿಯೆಂದು ತಿಳಿಯುವ ಸಂಭವವುಂಟು. ಹೊಲ ಎಂದು ಹರಗಿದ್ದೆಂಬುದು ಗೊತ್ತಿದ್ದರೆ ಈ ತಪ್ಪನ್ನು ತಿದ್ದಬಹುದು.

ಮೂರನೆಯದು ಆಳ. ಚಿಕ್ಕ ಅಲೆ ಒಂದೆರಡು ಸೆಂಟಿಮೀಟರು, ಉದ್ದ ಅಲೆ ಐದಾರು ಸೆಂಟಿಮೀಟರು ಇಳಿಯುತ್ತದೆ. ಅದರ ಕೆಳಗಿನದು ಲೆಕ್ಕ ಕಟ್ಟಿ ಊಹಿಸಿದ್ದು. ಮೊದಲು ನೆನಪಿಡಿರೆಂದು ಹೇಳಿದ ಮಾತು ಇಲ್ಲಿ ಬರುತ್ತದೆ, "ಮ್ಯಾಲ ಒಣಗೇತಂತ ಅಂಜಬ್ಯಾಡ್ರಿ, ಕೆಳಗ ಹಸಿ ಐತಿ." ಬೆಳವಲದ ಯರಿಯಲ್ಲಿ ಎರಡು ಮೊಳ ಕೆಳಗೆ ಕಡಲೆಯ ಬೇರು ಕುಡಿಯುತ್ತಿರುವ ನೀರನ್ನು ಉಪಗ್ರಹ ನೇರವಾಗಿ ಕಾಣದು. ಇದಕ್ಕೆ ತಿರುಗುಮುರುಗಾಗಿಯೂ ಆಗುತ್ತದೆ. ಒಳಗೆಲ್ಲ ಒಣಗಿರುವಾಗ ಒಂದು ಸಣ್ಣ ಮಳೆ ಬಿದ್ದು ಮೇಲ್ಮಣ್ಣು ತೊಯ್ದರೆ, ಆ ದಿನ ಹಾಯ್ದ ಉಪಗ್ರಹಕ್ಕೆ ಹೊಲ ತಂಪಾಗಿ ಕಾಣುತ್ತದೆ. ಬೆಳೆ ಮಾತ್ರ ಬಾಡುತ್ತಲೇ ಇರುತ್ತದೆ.

ಇವು ವಿಜ್ಞಾನಿಗಳಿಗೆ ತಿಳಿಯದ ದೋಷಗಳಲ್ಲ. ಅವರೇ ಬರೆದು ಹೇಳಿದ ಮಿತಿಗಳು. ಆದರೆ ಅವನ್ನು ತಿದ್ದಲು ಬೇಕಾದ ಮಾಹಿತಿ ಇರುವುದು ಹೊಲದವರ ಕೈಯಲ್ಲಿ.

ಇದರಿಂದ ನಮಗೇನು?

ಸದಸ್ಯರು ಕೇಳಬಹುದು, "ಇದೆಲ್ಲಾ ಸೈ, ನಮಗೇನ ಉಪಯೋಗರೀ?" ಎಂದು. ಉಪಯೋಗವೂ ಇದೆ, ಅಪಾಯವೂ ಇದೆ.

2016ರ ಕೊನೆಯಲ್ಲಿ ಕೇಂದ್ರ ಸರಕಾರ ಹೊಸ ಬರ ಕೈಪಿಡಿ ಹೊರಡಿಸಿತು. ಅದರಂತೆ ಮಳೆ ಕೊರತೆಯೊಂದೇ ಸಾಲದು, ಬಿತ್ತಿಗೆಯ ಪ್ರಮಾಣ, ಉಪಗ್ರಹ ಕಂಡ ಬೆಳೆಯ ಹಸಿರು, ಮಣ್ಣಿನ ಹಸಿ, ಕೆರೆ-ಅಂತರ್ಜಲದ ಸ್ಥಿತಿ ಇವೂ ಸಾಕ್ಷಿ ನುಡಿಯಬೇಕು. ಕೊನೆಗೆ ನೂರಕ್ಕೆ ಹತ್ತು ಹಳ್ಳಿಗಳಿಗೆ ಹೋಗಿ ಹೊಲವನ್ನು ಕಣ್ಣಾರೆ ನೋಡಬೇಕು. 2023ರ ಮುಂಗಾರು ಕೈಕೊಟ್ಟಾಗ ನಮ್ಮ ರಾಜ್ಯದಲ್ಲಿ ಇದೇ ರೀತಿ ನಡೆಯಿತು. ಸೆಪ್ಟೆಂಬರಿನಲ್ಲಿ ಮೊದಲು 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿದರು. ಮುಂದೆ ಪಟ್ಟಿ ಬೆಳೆದು 236ರ ಪೈಕಿ 223ಕ್ಕೆ ಮುಟ್ಟಿತು. ಮೊದಲ ಪಟ್ಟಿಗೂ ಕೊನೆಯ ಪಟ್ಟಿಗೂ ನಡುವಿನ ವಾರಗಳಲ್ಲಿ ಕಾದು ಕುಳಿತ ರೈತನಿಗೆ ಈ ಅಳತೆಗಳ ಬೆಲೆಯೇನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ವಿಮೆಯದೂ ಹಾಗೆಯೇ. 2016ರಲ್ಲಿ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಬಂದಿತು. 2020ರ ಮುಂಗಾರಿನವರೆಗೆ ಬೆಳೆಸಾಲ ಪಡೆದವರಿಗೆ ಅದು ಕಡ್ಡಾಯವಾಗಿತ್ತು, ಆಮೇಲೆ ಐಚ್ಛಿಕವಾಯಿತು. ಇಳುವರಿ ತಿಳಿಯಲು ಗೊತ್ತುಮಾಡಿದ ಹೊಲಗಳಲ್ಲಿ ಬೆಳೆ ಕೊಯ್ದು ತೂಗುವ ಕಟಾವು ಪ್ರಯೋಗವೇ ಆಧಾರವಾಗಿತ್ತು. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ, 2024ರ ಮುಂಗಾರಿನಿಂದ ಸೋಯಾಬೀನಿಗೆ, ದೂರಸಂವೇದಿ ತಂತ್ರದಿಂದ ಅಂದಾಜು ಮಾಡಿದ ಇಳುವರಿಗೂ ಕನಿಷ್ಠ ನೂರಕ್ಕೆ 30ರಷ್ಟು ತೂಕ ಕೊಡಬೇಕೆಂದು ಯೋಜನೆಯಲ್ಲಿ ಸೇರಿಸಲಾಗಿದೆ. ಭತ್ತ, ಸೋಯಾ ಎರಡೂ ನಮ್ಮ ಬೆಳೆಗಳೇ ಎಂಬುದನ್ನು ಗಮನಿಸಬೇಕು.

ನಾವು ಕಂಡ ಒಂದು ಸಂಗತಿ ಹೇಳುತ್ತೇವೆ. ಒಂದು ವರ್ಷ ಗೋವಿನಜೋಳ ತೆನೆ ಹೊರಡುವ ಹೊತ್ತಿಗೆ ಮಳೆ ಹೋಯಿತು. ಬದುವಿನಾಚೆಯ ಊರಿನವರಿಗೆ ಪರಿಹಾರ ಬಂದಿತು, ಈಚೆಯವರಿಗೆ ಬರಲಿಲ್ಲ. ಕೇಳಹೋದಾಗ, "ನಿಮ್ಮ ಕಡೆ ಲೆಕ್ಕದಾಗ ಹಾನಿ ಕಾಣಸೂದಿಲ್ಲ, ನಿಮ್ಮ ಹತ್ರ ಏನರ ದಾಖಲೆ ಐತೇನ್ರಿ?" ಎಂದರು. ನಮ್ಮ ಹತ್ತಿರ ಇದ್ದದ್ದು ಬಾಡಿದ ದಂಟು ಮತ್ತು ಬಾಯಿಮಾತು. ಯಾವ ದಿನ ಬಿತ್ತಿದೆವು, ಎಷ್ಟು ದಿನ ಮಳೆ ಹಿಂದೆಗೆಯಿತು ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದೆವು. ಅಂದು ನಾವು ತಲೆತಗ್ಗಿಸಿ ಬಂದದ್ದು ಬೆಳೆ ಹೋದದ್ದಕ್ಕಲ್ಲ, ಲೆಕ್ಕ ಇಡದೇ ಹೋದದ್ದಕ್ಕೆ.

ಬೆಂಗಳೂರಿನಿಂದ ಹೊರಟ ನಿಸಾರ್

ಈ ಇತಿಹಾಸದ ಇತ್ತೀಚಿನ ಅಧ್ಯಾಯ ನಿಸಾರ್. ಅಮೆರಿಕದ ನಾಸಾ ಮತ್ತು ನಮ್ಮ ಇಸ್ರೋ ಕೂಡಿ ಕಟ್ಟಿದ ಉಪಗ್ರಹ. ಸುಮಾರು 24 ಸೆಂಟಿಮೀಟರು ಅಲೆಯ ರಾಡಾರು ಅವರದು, ಅದಕ್ಕಿಂತ ಚಿಕ್ಕ, ಹತ್ತು ಸೆಂಟಿಮೀಟರಿನ ಆಸುಪಾಸಿನ ಅಲೆಯ ರಾಡಾರು ನಮ್ಮದು. ಎರಡನ್ನೂ ಉಪಗ್ರಹದ ಒಡಲಿಗೆ ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನಲ್ಲಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇದು 747 ಕಿಲೋಮೀಟರು ಎತ್ತರದಲ್ಲಿ 12 ಮೀಟರು ಅಗಲದ ಕೊಡೆ ಬಿಚ್ಚಿಕೊಂಡು ನಿಂತಿದೆ. ಪ್ರತಿ 12 ದಿನಕ್ಕೆ ಎರಡು ಸಲ ಭೂಮಿಯ ಬಹುತೇಕ ನೆಲವನ್ನು ನೋಡುವಂತೆ ಇದನ್ನು ರೂಪಿಸಲಾಗಿದೆ. ಉದ್ದ ಅಲೆಯಾದ್ದರಿಂದ ಎದ್ದುನಿಂತ ಪೈರಿನ ಎಲೆಗಳ ನಡುವಿನಿಂದ ನೆಲದ ಹಸಿಯನ್ನು ಹಿಂದಿನವಕ್ಕಿಂತ ಚೆನ್ನಾಗಿ ಓದಬಲ್ಲದೆಂದು ನಿರೀಕ್ಷೆ. 2025ರ ಸೆಪ್ಟೆಂಬರಿನಲ್ಲಿ ನಾಸಾ ಹೊರಗಿಟ್ಟ ಮೊದಲ ಚಿತ್ರಗಳಲ್ಲೊಂದು ಅಮೆರಿಕದ ಉತ್ತರ ಡಕೋಟಾದ ಹೊಲಗಳದು. ಅಲ್ಲಿ ಕಂಡ ಬೆಳೆ ಯಾವುದು ಗೊತ್ತೇ? ಗೋವಿನಜೋಳ ಮತ್ತು ಸೋಯಾ. ನಮ್ಮೂರಿನ ಬೆಳೆಗಳೇ.

ಸಂಘಕ್ಕೆ ಒಂದು ಸೂಚನೆ

ಈ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಒಂದೇ. ಉಪಗ್ರಹವನ್ನು ಕಣ್ಣುಮುಚ್ಚಿ ನಂಬುವುದೂ ಬೇಡ, "ಮುಗಿಲಾಗಿಂದ ನಮ್ಮ ಹೊಲ ಏನ ಕಾಣತೈತಿ ಬಿಡ್ರಿ" ಎಂದು ಹಗುರಾಗಿ ತಳ್ಳಿಹಾಕುವುದೂ ಬೇಡ. ಅದು ಸಾಕ್ಷಿ ನುಡಿಯುತ್ತಿದೆ. ನಾವೂ ನುಡಿಯಬೇಕು, ಅದೂ ಬರೆದಿಟ್ಟು ನುಡಿಯಬೇಕು.

ಆದ್ದರಿಂದ ಬೆಳ್ಳಿಹಬ್ಬದ ನೆನಪಿಗೆ ಸಂಘವು ಒಂದು ಠರಾವು ಮಾಡಬೇಕೆಂದು ನಮ್ಮ ವಿನಂತಿ. ಸಂಘದ ಕಚೇರಿಯಲ್ಲಿ "ಹಸಿಯ ಪುಸ್ತಕ" ಎಂದು ಒಂದು ದಪ್ಪ ರಜಿಸ್ಟರ್ ಇಡಬೇಕು. ಊರಿನ ನಾಲ್ಕೂ ದಿಕ್ಕಿಗೆ ಮಸಾರಿ, ಯರಿ, ಗದ್ದೆ ಹೀಗೆ ಬಗೆಬಗೆಯ ಹೊಲಗಳನ್ನು ಆರಿಸಿ, ಸರ್ವೆ ನಂಬರು ಸಹಿತ ಬರೆಯಬೇಕು. ಬಿತ್ತಿದ ದಿನ, ಹರಗಿದ ದಿನ, ಮಳೆ ಬಿದ್ದ ದಿನ, ಗದ್ದೆಯಲ್ಲಿ ನೀರು ನಿಂತ ದಿನ, ಬೆಳೆ ಬಾಡತೊಡಗಿದ ದಿನ ಇವನ್ನು ನಮೂದಿಸಬೇಕು. ವಾರಕ್ಕೊಮ್ಮೆ ನಾಲ್ಕು ಬೆರಳು ಕೆಳಗಿನ ಮಣ್ಣನ್ನೂ ಒಂದು ಮೊಳ ಕೆಳಗಿನ ಮಣ್ಣನ್ನೂ ಮುಷ್ಟಿಯಲ್ಲಿ ಹಿಡಿದು ನೋಡಿ, ಉಂಡಿ ಆಯಿತು, ಮೆತ್ತಿತು, ಉದುರಿತು ಎಂದು ಮೂರರಲ್ಲಿ ಒಂದು ಮಾತು ಬರೆದರೂ ಸಾಕು. ಈಗ ಮನೆಮನೆಗೂ ಮೊಬೈಲ್ ಇದೆ, ತಾರೀಖು ಬೀಳುವಂತೆ ಹೊಲದ ಒಂದು ಫೋಟೋ ತೆಗೆಯಲು ಹುಡುಗರಿಗೆ ಹೇಳಿದರೆ ಆಯಿತು. ಹೈಸ್ಕೂಲಿನ ಮಕ್ಕಳನ್ನು ಈ ಕೆಲಸದಲ್ಲಿ ಸೇರಿಸಿಕೊಂಡರೆ ಅವರಿಗೆ ವಿಜ್ಞಾನವೂ ತಿಳಿಯುತ್ತದೆ, ಹೊಲವೂ ತಿಳಿಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮಗೆ ದೂರವೇನೂ ಅಲ್ಲ. ಅಲ್ಲಿನ ತಜ್ಞರನ್ನು ಕರೆಸಿ, ತೂಗಿ ಒಣಗಿಸಿ ಹಸಿ ಅಳೆಯುವ ಕ್ರಮವನ್ನೂ ಕಲಿಯಬಹುದು. ಖರ್ಚು ಹೆಚ್ಚಿಲ್ಲ, ಬೇಕಾದದ್ದು ವರ್ಷ ತಪ್ಪದೆ ನಡೆಸಿಕೊಂಡು ಹೋಗುವ ಶಿಸ್ತು. ಕಿರ್ದಿ ಪುಸ್ತಕವನ್ನು 25 ವರ್ಷ ಒಂದು ದಿನವೂ ಬಿಡದೆ ಬರೆದ ಸಂಘಕ್ಕೆ ಅದು ಕಷ್ಟವಾಗಲಾರದು.

ಇದರಿಂದ ನಾಳೆಯೇ ಪರಿಹಾರ ಬರುತ್ತದೆಂದು ನಾವು ಹೇಳುವುದಿಲ್ಲ. ಆದರೆ ಮುಂದೊಮ್ಮೆ ಮಳೆ ಕೈಕೊಟ್ಟು, "ನಿಮ್ಮ ಹತ್ರ ದಾಖಲೆ ಐತೇನ್ರಿ?" ಎಂದು ಯಾರಾದರೂ ಕೇಳಿದರೆ, ಆ ಪುಸ್ತಕವನ್ನು ಮೇಜಿನ ಮೇಲಿಟ್ಟು "ನೋಡ್ರಿ" ಎನ್ನಬಹುದು. ಬರುವ ಮಿರಗದ ಮಳೆಗೆ ಮೊದಲ ಪುಟ ತೆರೆಯೋಣ.